ಕೊನೆಯ ಪಂದ್ಯ ಗೆದ್ದ ತಪ್ಪಿಗೆ

ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಟಕ್, ಟಕ್; ಆಮೇಲೆ ಹಗುರವಾದದ್ದೇನೋ ನೆಲದ ಮೇಲೆ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತ ಸದ್ದು.

ರಾತ್ರಿ ಬಹಳವಾಗಿತ್ತು. ಟೊಲೀಡೊ ಹೆರನ್ಸ್ ಬ್ಯಾಸ್ಕೆಟ್‌ಬಾಲ್ ತಂಡದ ಕಚೇರಿಯಲ್ಲಿ ಎರಡೇ ಕೋಣೆಗಳ ದೀಪ ಉರಿಯುತ್ತಿತ್ತು. ಒಂದರಲ್ಲಿ ವರ್ನಾ ಡೂಡೆಕ್ ಕೂತು ಕಾಲೇಜು ಹುಡುಗರ ಆಟದ ವಿಡಿಯೊಗಳನ್ನು ಕತ್ತರಿಸಿ ಜೋಡಿಸುತ್ತಿದ್ದಳು. ಇನ್ನೊಂದರಲ್ಲಿ ತಂಡದ ಜನರಲ್ ಮ್ಯಾನೇಜರ್ ಲಾಯ್ಡ್ ಪೆಟಿಗ್ರೂ, ಮೊಮ್ಮಕ್ಕಳಿರುವ ಮನುಷ್ಯ, ಕಸದ ಬುಟ್ಟಿಯಲ್ಲಿ ತಂಡಗಳ ಹೆಸರು ಬರೆದ ಪಿಂಗ್‌ಪಾಂಗ್ ಚೆಂಡುಗಳನ್ನು ಕುಲುಕಿ ಕಣ್ಣು ಮುಚ್ಚಿಕೊಂಡು ಒಂದೊಂದೇ ಎತ್ತುತ್ತಿದ್ದ. ವಾರಗಳಿಂದ ಪ್ರತಿ ರಾತ್ರಿ ಇದೇ ನಡೆದಿತ್ತು. ಆ ಸದ್ದು ಕೇಳಿದಾಗಲೆಲ್ಲ ವರ್ನಾ ವಿಡಿಯೊದ ದನಿ ಜೋರು ಮಾಡಿಕೊಳ್ಳುತ್ತಿದ್ದಳು.

"ವರ್ನಾ! ಇದೀಯಾ ಇನ್ನೂ?"

"ಇದೀನಿ, ಲಾಯ್ಡ್."

"ಬಾ ಇಲ್ಲಿ, ನೋಡು. ಮತ್ತೆ ಒಮಾಹಾನೇ ಬಂತು. ಬುಟ್ಟಿ ನಂದು, ಚೆಂಡು ನಂದು, ಕೈ ನಂದು. ಆದ್ರೂ ಬರೋದು ಒಮಾಹಾ! ಇದಕ್ಕೆ ಏನನ್ನೋಣ ಹೇಳು?"

ಒಮಾಹಾ ಅದೇ ಲೀಗಿನಲ್ಲಿ ತಳ ಸೇರಿದ ಇನ್ನೊಂದು ತಂಡ. ನಾಳೆ ಶಿಕಾಗೋದಲ್ಲಿ ಲೀಗಿನವರು ಇದೇ ಕೆಲಸವನ್ನು ಗಾಜಿನ ಯಂತ್ರದಲ್ಲಿ ಮಾಡುವವರಿದ್ದರು. ವರ್ಷವಿಡೀ ಸೋತು ತಳ ಸೇರಿದ ತಂಡಗಳ ಹೆಸರಿನಲ್ಲಿ ಚೆಂಡು ಎತ್ತುತ್ತಾರೆ. ಯಾರ ನಂಬರು ಬರುತ್ತದೋ ಅವರಿಗೆ ಕಾಲೇಜಿನಿಂದ ಬರುವ ಹೊಸ ಹುಡುಗರಲ್ಲಿ ಮೊದಲು ಆರಿಸಿಕೊಳ್ಳುವ ಹಕ್ಕು. ಎಲ್ಲರಿಗಿಂತ ಕೆಳಗಿರುವ ತಂಡಕ್ಕೆ ನಂಬರುಗಳ ಎಲ್ಲಕ್ಕಿಂತ ದೊಡ್ಡ ಗೊಂಚಲು, ಅಂದರೆ ಎಲ್ಲರಿಗಿಂತ ಹೆಚ್ಚು ಅವಕಾಶ; ಅದರ ಮೇಲಿನವರಿಗೆ ಅದಕ್ಕಿಂತ ಚಿಕ್ಕದು. ಆದ್ದರಿಂದ ಸೋಲುವುದೇ ಹೌದಾದರೆ ಚೆನ್ನಾಗಿ ಸೋಲಬೇಕು. ಹೆರನ್ಸ್ ಚೆನ್ನಾಗಿಯೇ ಸೋತಿತ್ತು. ಕೊನೆಯ ದಿನದವರೆಗೆ.

ಈ ವರ್ಷದ ಹುಡುಗರಲ್ಲಿ ಆಸೆ ಪಡುವಂಥವನು ಒಬ್ಬನೇ, ಕ್ವೆಂಟಿನ್ ಮೇಬ್ರಿ. ಏಳಡಿ ಎತ್ತರವಿದ್ದೂ ಗಿಡ್ಡ ಆಟಗಾರನ ಹಾಗೆ ಚೆಂಡು ಪುಟಿಸಿಕೊಂಡು ನುಸುಳುತ್ತಿದ್ದ. ಅವನ ನಂತರದವರ ವಿಡಿಯೊಗಳೇ ವರ್ನಾಳ ಮುಂದೆ ಓಡುತ್ತಿದ್ದವು. ಒಬ್ಬ ಚೆನ್ನಾಗಿ ಎಸೆಯುತ್ತಾನೆ, ಆದರೆ ಅಣ್ಣನ ಬೂಟು ಹಾಕಿಕೊಂಡವನ ಹಾಗೆ ಓಡುತ್ತಾನೆ. ಇನ್ನೊಬ್ಬ ಬೇಕಾದಷ್ಟು ಎತ್ತರ. ಚೆಂಡು ಹತ್ತಿರ ಬಂದರೆ ಮುಖ ತಿರುಗಿಸುತ್ತಾನೆ. ಮೂರನೆಯವನ ಆಟಕ್ಕಿಂತ ಅವನ ಅಪ್ಪನ ಸಂದರ್ಶನಗಳೇ ಜಾಸ್ತಿ. ಇವರ ಒಳ್ಳೆಯ ಗುಣ ಹುಡುಕಿ ಕೊಡು ಎಂದು ಲಾಯ್ಡ್ ಹೇಳಿದ್ದ. ಹುಡುಕುತ್ತಿದ್ದಳು.

"ಒಂದು ಗೆಲುವು," ಲಾಯ್ಡ್ ಬಾಗಿಲಿಗೆ ಬಂದು ನಿಂತ. ಅಂಗಿಯ ಮೇಲೆ ಹಾಟ್‌ಡಾಗಿನ ಖಾರದ ಸಾಸು ಸೋರಿತ್ತು. "ಯಾರಿಗೂ ಬೇಡದ ಒಂದು ಗೆಲುವು. ಆರು ತಿಂಗಳು ಗೆಲ್ರೋ ಅಂದ್ರೆ ಗೆಲ್ಲಲಿಲ್ಲ ಈ ಮಹಾನುಭಾವರು. ಗೆಲ್ಲಬಾರದ ದಿನ ಗೆದ್ದು ಕೂತರು. ಒಮಾಹಾದೋರು ನಮಗಿಂತ ಕೆಳಗೆ ಹೋದರು, ದೊಡ್ಡ ಗೊಂಚಲು ಅವರ ಪಾಲಾಯ್ತು. ನಮ್ಮಮ್ಮ ಬದುಕಿದ್ದಿದ್ರೆ ನನ್ನ ಕಪಾಳಕ್ಕೆ ಹೊಡೀತಿದ್ಲು."

"ನಮ್ಮಮ್ಮ ಬದುಕಿದಾಳೆ," ವರ್ನಾ ಮೆಲ್ಲಗೆ ಹೇಳಿದಳು. "ದಿನಾ ಫೋನ್ ಮಾಡಿ ಕೇಳ್ತಾಳೆ, ಯಾವ ಕತ್ತೆ ಗೆಲ್ಲೋಕೆ ಹೇಳಿದ್ದು ಅಂತ."

"ನಾನೂ ಅದನ್ನೇ ಕೇಳ್ತಿರೋದು!"

ಆ ಕತ್ತೆ ಅವನೆದುರಿಗೇ ಕೂತಿತ್ತು.

ಕೊನೆಯ ಪಂದ್ಯ ಲೂಯಿವಿಲ್ ತಂಡದ ಜೊತೆ. 'ಸೋಲಿ' ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವಂತಿಲ್ಲ, ಲೀಗ್ ದಂಡ ಹಾಕುತ್ತದೆ. ಆಡಬಲ್ಲ ಆಟಗಾರರಿಗೆಲ್ಲ ಒಂದೇ ವಾರದಲ್ಲಿ ಸೊಂಟ ನೋವು ಬಂದಿತ್ತು, ಅಷ್ಟೆ. ಅವರೆಲ್ಲ ಸೂಟು ಹಾಕಿಕೊಂಡು ಬೆಂಚಿನ ಮೇಲೆ ಕೂತು ಚೂಯಿಂಗ್ ಗಮ್ ಜಗಿಯುತ್ತಿದ್ದರು. ಆಡಲು ಉಳಿದವರಲ್ಲಿ ಹಿರಿಯ ಓಡೆಲ್ ಟಿಬ್ಸ್. ಮಂಡಿಗೆ ಪಟ್ಟಿ, ತಲೆಯಲ್ಲಿ ಅಲ್ಲಲ್ಲಿ ಬಿಳಿ. ಕೊನೆಯ ಕೆಲವು ಸೆಕೆಂಡುಗಳು ಉಳಿದಾಗ ಹೆರನ್ಸ್ ಒಂದೇ ಅಂಕ ಹಿಂದಿತ್ತು, ಚೆಂಡು ಲೂಯಿವಿಲ್ ಕೈಯಲ್ಲಿ. ವಿರಾಮ ಕೇಳಿದರು. ಕೋಚ್ ಬಿಳಿ ಹಲಗೆ ಎತ್ತಿಕೊಂಡ, ಪೆನ್ನಿನ ಮುಚ್ಚಳ ತೆಗೆದ, ಮತ್ತೆ ಮುಚ್ಚಿದ. "ಖುಷಿಯಾಗಿ ಆಡಿ," ಎಂದ.

ಅಂಗಳಕ್ಕೆ ಮರಳುವಾಗ ಓಡೆಲ್, ಬೆಂಚಿನ ಹಿಂದೆ ಎದುರಾಳಿಗಳ ವಿಡಿಯೊ ತುಂಬಿದ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ವರ್ನಾಳ ಪಕ್ಕ ಹಾದ. ಇಷ್ಟು ವರ್ಷ ಮಾಡಿದ ಹಾಗೆಯೇ ತಲೆ ತಿರುಗಿಸದೆ ಕೇಳಿದ: "ಏನ್ ಮಾಡ್ತಾರೆ ಇವರು?"

ಇಷ್ಟು ವರ್ಷ ಹೇಳಿದ ಹಾಗೆಯೇ ಅವಳ ಬಾಯಿಂದ ಬಂದುಬಿಟ್ಟಿತು: "ಗಡ್ಡದವನು ಎಡ ಭುಜ ಇಳಿಸಿದ್ರೆ ಮೂಲೆಗೇ ಎಸೀತಾನೆ."

ಗಡ್ಡದವನು ಎಡ ಭುಜ ಇಳಿಸಿದ. ಚೆಂಡು ಮೂಲೆ ತಲುಪುವ ಮೊದಲೇ ಓಡೆಲ್‌ನ ಕೈಯಲ್ಲಿತ್ತು. ಅವನು ನೋಯುವ ಮಂಡಿಯಲ್ಲೇ ಓಡಿ ಹೋಗಿ, ಯಾರೂ ಅಡ್ಡ ಬರದ ಬುಟ್ಟಿಗೆ ಮೆಲ್ಲಗೆ ಇಟ್ಟುಬಂದ. ಗಂಟೆ ಹೊಡೆಯಿತು. ತವರಿನ ಪ್ರೇಕ್ಷಕರು ತಮ್ಮದೇ ತಂಡದ ಗೆಲುವಿಗೆ 'ಅಯ್ಯೋ' ಎಂದದ್ದನ್ನು ವರ್ನಾ ಜನ್ಮದಲ್ಲೇ ಮೊದಲ ಸಲ ಕೇಳಿದ್ದು. ಮೇಬ್ರಿಯ ಹೆಸರು ಬರೆದ ಫಲಕವನ್ನು ಒಬ್ಬ ಮಂಡಿಯ ಮೇಲಿಟ್ಟು ಮುರಿದ. ಸೂಟು ತೊಟ್ಟವರು ಗಮ್ ಜಗಿಯುವುದನ್ನು ನಿಲ್ಲಿಸಿದರು. ಓಡೆಲ್ ಮಾತ್ರ ಎರಡೂ ಕೈ ಮೇಲೆತ್ತಿ, ಯಾರಾದರೂ ಬಂದು ತಬ್ಬಿಕೊಳ್ಳುತ್ತಾರೇನೋ ಎಂದು ಕಾಯುತ್ತ ನಿಂತಿದ್ದ.

ಮರುದಿನ ಲಾಯ್ಡ್ ಅವನನ್ನು ಕರೆಸಿ ಕೇಳಿದ್ದ, ಯಾರು ಹೇಳಿಕೊಟ್ಟರು ಎಂದು. "ಯಾರೂ ಇಲ್ಲ. ಅವನ ಭುಜ ನೋಡಿದೆ, ಹೋದೆ," ಎಂದಿದ್ದ ಓಡೆಲ್. ಗೋಡೆಯಾಚೆ ಕೂತು ಕೇಳಿಸಿಕೊಂಡ ವರ್ನಾ ಆಗಲೇ ಎದ್ದು ಹೋಗಬೇಕಿತ್ತು. ಎದ್ದದ್ದು ನಿಜ. ಬಾಗಿಲ ಹಿಡಿಯವರೆಗೂ ಹೋಗಿ, ಸ್ವಂತ ತಂಡವನ್ನು ಗೆಲ್ಲಿಸಿ ಹಾಳು ಮಾಡಿದವಳನ್ನು ಇನ್ನು ಯಾವ ತಂಡ ಕರೆದೀತು ಎಂದು ಯೋಚಿಸಿ, ವಾಪಸು ಬಂದು ಕೂತಿದ್ದಳು.

"ನಾಳೆ ಆ ಕೋಣೆಗೆ ನೀನು ಹೋಗು," ಲಾಯ್ಡ್ ಈಗ ಹೇಳಿದ. "ನಾನು ಹೋದಾಗೆಲ್ಲ ಕೆಟ್ಟದ್ದೇ ಆಗಿದೆ. ಹೋಗಿ ಕೂತ್ಕೋ, ಏನೂ ಮುಟ್ಟಬೇಡ. ಹಾಂ, ಇನ್ನೊಂದು. ಓಡೆಲ್‌ನ ಮುಂದಿನ ವರ್ಷಕ್ಕೆ ಇಟ್ಕೊಳ್ಳಲ್ಲ. ಶುಕ್ರವಾರ ಹೇಳಿಬಿಡ್ತೀನಿ."

"ಗೆದ್ದಿದ್ದಕ್ಕಾ?"

"ಮಂಡಿ ನೋವಿದೆ ಅಲ್ವಾ ಪಾಪ," ಎಂದು ಲಾಯ್ಡ್ ಬುಟ್ಟಿಯ ಕಡೆಗೆ ನಡೆದ. ಟಕ್.

ವರ್ನಾ ಆ ಕ್ಷಣದಲ್ಲೇ ನಿರ್ಧರಿಸಿದಳು: ಚೆಂಡು ಯಾರ ಪಾಲಿಗಾದರೂ ಬರಲಿ, ನಾಳೆ ಅದು ಮುಗಿದ ಕೂಡಲೇ ಇವನಿಗೆ ಎಲ್ಲ ಹೇಳಿಬಿಡುವುದು. ಈ ವಯಸ್ಸಿನಲ್ಲಿ ಈ ಒಪ್ಪಂದ ತಪ್ಪಿದರೆ ಓಡೆಲ್‌ಗೆ ಇನ್ನೊಂದು ಸಿಗುವುದಿಲ್ಲ. ಅವಳ ಮಾತಿಗೆ ಅವನು ಬೆಲೆ ತೆರುವುದೆಂದರೇನು?

ಶಿಕಾಗೋದ ಆ ಕೋಣೆಯಲ್ಲಿ ಕಿಟಕಿಗಳಿರಲಿಲ್ಲ. ಬಾಗಿಲಲ್ಲೇ ಫೋನು, ಕೈಗಡಿಯಾರ ಎಲ್ಲ ಇಸಿದುಕೊಂಡು ಕಂದು ಲಕೋಟೆಗೆ ಹಾಕಿದರು. ಚೆಂಡು ಎತ್ತುವುದು ಇಲ್ಲಿ. ಅದು ಟಿವಿಯಲ್ಲಿ ಜಗತ್ತಿಗೆ ಗೊತ್ತಾಗುವುದು ಒಂದು ಗಂಟೆಯಾದ ಮೇಲೆ. ಅಲ್ಲಿಯತನಕ ಒಳಗಿದ್ದವರು ಒಳಗೇ. ಬಚ್ಚಲಿಗೆ ಹೋದರೂ ಹಿಂದೆ ಒಬ್ಬ ಕಾವಲುಗಾರ. ಪ್ರತಿ ತಂಡದಿಂದ ಒಬ್ಬೊಬ್ಬರು ಬಂದಿದ್ದರು, ಪ್ರತಿಯೊಬ್ಬರ ಕೈಯಲ್ಲೂ ಏನಾದರೊಂದು ಶಕುನದ ವಸ್ತು: ಮಗುವಿನ ಕಾಲುಚೀಲ, ಸತ್ತ ನಾಯಿಯ ಕೊರಳಪಟ್ಟಿ. ವಿದ್ಯಾವಂತ ಜನ, ದೊಡ್ಡ ಸಂಬಳದವರು. ವರ್ನಾ ಏನೂ ತಂದಿರಲಿಲ್ಲ. ಲಾಯ್ಡ್ ಹೇಳಿದಂತೆ ಏನನ್ನೂ ಮುಟ್ಟದೆ, ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಪಕ್ಕದಲ್ಲಿ ಒಮಾಹಾ ತಂಡದ ಕ್ಲಿಫ್ಟನ್ ವೀಮ್ಸ್, ಬೋಳುತಲೆಯ ಮುದುಕ. "ಹೆರನ್ಸಾ? ಕೂತ್ಕೋ ತಾಯಿ, ಕೂತ್ಕೋ. ನಿಮ್ಮ ಉಪಕಾರ ನಾವು ಮರೆಯಲ್ಲ. ಆ ಗೆಲುವಿನ ರಾತ್ರಿ ನಮ್ಮ ಆಫೀಸಲ್ಲಿ ಕೇಕ್ ಕತ್ತರಿಸಿದ್ವಿ."

"ಸಂತೋಷ," ಎಂದಳು ವರ್ನಾ.

"ಕೇಕಿನ ಮೇಲೆ ಆ ಟಿಬ್ಸ್ ಹೆಸರು ಬರೆಸಿದ್ವಿ ಕಣಮ್ಮಾ!"

ಯಂತ್ರದೊಳಗೆ ಗಾಳಿ ಬೀಸಿತು. ಚೆಂಡುಗಳು ಹುರಿಗಡಲೆಯ ಹಾಗೆ ಹಾರಿದವು. ಲೀಗಿನವನೊಬ್ಬ ಚೆಂಡು ಕಾಣದಂತೆ ಗೋಡೆಗೆ ಮುಖ ಮಾಡಿ ನಿಂತು ಕೈ ಎತ್ತಿದಾಗಲೆಲ್ಲ ಒಂದು ಚೆಂಡು ಕೊಳವೆಯಲ್ಲಿ ಮೇಲೇರುತ್ತಿತ್ತು. ನಾಲ್ಕು ಚೆಂಡು ಬಂದವು. ಮೇಜಿನ ಹಿಂದಿದ್ದ ಹೆಂಗಸು ಕನ್ನಡಕ ಸರಿಪಡಿಸಿಕೊಂಡು ಆ ನಾಲ್ಕು ನಂಬರುಗಳು ಯಾರ ಗೊಂಚಲಿನವೆಂದು ನೋಡಿ, ಎರಡನೇ ಸಲ ನೋಡಿ, ಓದಿದಳು.

"ಟೊಲೀಡೊ."

ವರ್ನಾಳ ಕೈಗಳು ತೊಡೆಯ ಕೆಳಗೇ ಉಳಿದವು. ಯಾರೋ ಬೆನ್ನು ತಟ್ಟಿದರು. ಯಾರೋ ಬೈದರು. ವೀಮ್ಸ್ ಗೋಡೆಗೆ ಅಂಟಿಸಿದ್ದ ಗೊಂಚಲುಗಳ ಪಟ್ಟಿಯನ್ನು ದಿಟ್ಟಿಸಿ ನೋಡಿ, ಇದ್ದಕ್ಕಿದ್ದಂತೆ ತೊಡೆ ತಟ್ಟಿಕೊಂಡ.

"ಅಯ್ಯೋ ದೇವರೇ! ಅರ್ಥ ಆಯ್ತಾ ನಿಂಗೆ? ಇದು ಎರಡನೇ ಗೊಂಚಲಿನ ನಂಬರು. ನೀವು ಆ ಪಂದ್ಯ ಸೋತಿದ್ರೆ ತಳದಲ್ಲಿ ಇರ್ತಿದ್ದದ್ದು ನೀವು, ಮೊದಲ ಗೊಂಚಲು ನಿಮ್ಮದು. ಈ ಎರಡನೇದು ನಮಗೆ ಬರ್ತಿತ್ತು. ಮೇಬ್ರಿ ನಮ್ಮೋನಾಗ್ತಿದ್ದ!" ಅವನು ತಲೆಯ ಮೇಲೆ ಕೈ ಹೊತ್ತ. "ಕೇಕ್ ಬೇರೆ ತಿಂದ್ವಲ್ಲಮ್ಮಾ. ಯಾರು ಹೇಳಿಕೊಟ್ಟಿದ್ದು ಆ ಟಿಬ್ಸ್‌ಗೆ, ಅದನ್ನಾದ್ರೂ ಹೇಳು."

ವರ್ನಾ ಬಾಯಿ ತೆರೆದಳು. ಇವನಿಗೆ ಹೇಳುವುದಲ್ಲ, ಹೇಳಬೇಕಾದವನು ಬೇರೆ. "ಆಮೇಲೆ," ಎಂದಳು.

ಗಂಟೆ ಕಳೆದು ಲಕೋಟೆ ಕೈಗೆ ಬಂದಾಗ ಫೋನು ಒಳಗಿನಿಂದಲೇ ನಡುಗುತ್ತಿತ್ತು. ಲಾಯ್ಡ್.

"ವರ್ನಾ! ನೋಡಿದ್ಯಾ? ನೋಡಿದ್ಯಾ? ನಾನು ಹೇಳಿರಲಿಲ್ವಾ, ಗೆಲ್ಲೋ ಅಭ್ಯಾಸ ಇರಬೇಕು ತಂಡಕ್ಕೆ ಅಂತ!"

"ಯಾವಾಗ ಹೇಳಿದ್ರಿ?"

"ಯಾವಾಗ್ಲೂ ಹೇಳ್ತಿದ್ದೆ. ಈಗಷ್ಟೇ ಟಿವಿಯವರಿಗೂ ಹೇಳಿದೆ. ಕೊನೇ ಪಂದ್ಯ ನಾವು ಬೇಕಂತಲೇ ಗೆದ್ವಿ ಅಂದೆ."

ವರ್ನಾ ಕಣ್ಣು ಮುಚ್ಚಿಕೊಂಡಳು. ಇಷ್ಟು ರಾತ್ರಿಗಳ ಟಕ್ ಟಕ್ ಒಟ್ಟಿಗೆ ಹಣೆಯಲ್ಲಿ ಬಡಿದಂತಾಯಿತು. "ಲಾಯ್ಡ್, ನಿಮಗೆ ಒಂದು ವಿಷಯ ಹೇಳಬೇಕು. ಓಡೆಲ್ ಬಗ್ಗೆ."

"ಅದನ್ನೇ ಹೇಳೋಕೆ ಫೋನ್ ಮಾಡಿದ್ದು! ಅವನನ್ನ ಬಿಡೋ ಹಾಗಿಲ್ಲ. ಎರಡು ವರ್ಷಕ್ಕೆ ಇಟ್ಕೊಳ್ತೀನಿ. ಮೇಬ್ರಿ ಪಕ್ಕ ಕೂರಿಸ್ತೀನಿ. ಯಾಕೆ ಗೊತ್ತಾ? ಕಣ್ಣು! ಭುಜ ನೋಡಿ ಚೆಂಡು ಎಲ್ಲಿ ಹೋಗುತ್ತೆ ಅಂತ ಹೇಳೋ ಕಣ್ಣು ಎಷ್ಟು ಜನಕ್ಕಿದೆ? ಯಾರೂ ಹೇಳಿಕೊಡದೇ! ಅದನ್ನ ಆ ಹುಡುಗನಿಗೆ ಕಲಿಸಲಿ. ಬೇರೆಯವರು ಹೇಳಿದ್ದು ಕೇಳಿ ಓಡೋರು ಬೇಕಾದಷ್ಟು ಸಿಗ್ತಾರೆ ನಂಗೆ. ಹ್ಞಾಂ, ನೀನೇನೋ ಹೇಳ್ತಿದ್ದೆ?"

ಜನ ಹೋಗುತ್ತಿದ್ದರು. ಕಾಲುಚೀಲ ತಂದವನು ಅದನ್ನು ಕಸದ ಡಬ್ಬಿಗೆ ಹಾಕಿ ನಡೆದ. ರಾತ್ರಿಯಿಡೀ ಒಂದೊಂದು ಪದವನ್ನೂ ತೂಗಿ ಜೋಡಿಸಿಟ್ಟ ಮಾತು ವರ್ನಾಳ ನಾಲಿಗೆಯ ತುದಿಯಲ್ಲೇ ಇತ್ತು. ನಿನ್ನೆ ಹೇಳಿದ್ದರೆ ಅದು ಓಡೆಲ್‌ನನ್ನು ಉಳಿಸುತ್ತಿತ್ತು. ಇವತ್ತು ಹೇಳಿದರೆ ಅದೇ ಮಾತು ಅವನನ್ನು ಮನೆಗೆ ಕಳಿಸುತ್ತದೆ.

"ಅವನ ಮಂಡಿಗೆ ಒಳ್ಳೆ ಡಾಕ್ಟರು ಬೇಕು ಅಂತ," ಎಂದಳು.

"ಕೊಡಿಸೋಣ! ಆ ಕೊನೇ ಆಟದ ವಿಡಿಯೊ ಕತ್ತರಿಸಿ ಇಡು. ಮೇಬ್ರಿಗೆ ತೋರಿಸಬೇಕು."

ಟ್ಯಾಕ್ಸಿಗೆ ಕಾಯುತ್ತ ನಿಂತಾಗ ಓಡೆಲ್ ಫೋನ್ ಮಾಡಿದ. ಹಿಂದೆ ಅವನ ಮಕ್ಕಳು ಕಿರುಚಿ ಕುಣಿಯುವುದು ಕೇಳುತ್ತಿತ್ತು.

"ವರ್ನಾ, ಲಾಯ್ಡ್‌ಗೆ ತಲೆ ಕೆಟ್ಟಿದೆಯಾ? ನನ್ನ ಕಣ್ಣು, ನನ್ನ ಕಣ್ಣು ಅಂತಿದಾನೆ. ಕಳೆದ ವಾರ ನನ್ನ ಮುಖ ನೋಡಿದ್ರೆ ಉಗೀತಿದ್ದ ಮನುಷ್ಯ. ಈಗ್ಲೇ ಹೇಳಿಬಿಡ್ತೀನಿ, ಅದು ನಿನ್ನ ಕಣ್ಣು ಅಂತ."

"ಹುಚ್ಚು ಹಿಡಿದಿದೆಯಾ ನಿಂಗೆ?"

"ನಿಂಗೆ ಬರಬೇಕಾದ ಹೆಸರು ಕಣೇ ಅದು. ಅವತ್ತು ಬೈಗುಳ ಇತ್ತು, ನಾನು ತಗೊಂಡೆ, ಸರಿ. ಇವತ್ತು ಹೊಗಳಿಕೆ. ಇದನ್ನೂ ನಾನೇ ತಗೊಂಡ್ರೆ ಕಳ್ಳತನ ಆಗಲ್ವಾ? ನಂಗೆ ಸುಳ್ಳು ಹೇಳೋಕೆ ಬರಲ್ಲ."

"ಅವತ್ತು ಚೆನ್ನಾಗೇ ಹೇಳಿದ್ಯಲ್ಲ."

"ಅವತ್ತು ನಿನ್ನ ಕೆಲಸ ಹೋಗ್ತಿತ್ತು ಮಾರಾಯ್ತಿ!"

"ಇವತ್ತು ನಿಂದು ಹೋಗುತ್ತೆ," ಎಂದಳು ವರ್ನಾ. "ನಾನು ಬಾಯಿಬಿಟ್ಟಿದ್ದು ನಿಜ. ನಿನ್ನ ಅಳಿದುಳಿದ ಮಂಡಿಯಲ್ಲಿ ಓಡಿದ್ದು ನೀನು. ಈಗ ಬಾಯಿ ಮುಚ್ಚಿಕೊಂಡು ಸಹಿ ಹಾಕು. ಹಾಕಿ, ಮಂಡಿಗೆ ಐಸ್ ಇಟ್ಕೋ."

ಆ ಕಡೆ ಒಂದು ಮಗು ಬಂದು, ಅಪ್ಪ ಯಾಕೆ ಅಳ್ತಿದೀಯ ಎಂದು ಕೇಳಿತು.

ಅವಳು ಫೋನು ಇಡುವಷ್ಟರಲ್ಲಿ ಅಮ್ಮನ ಕರೆ ಬಂತು. "ಗೆದ್ವಿ ಕಣೇ! ಆ ಹೆಡ್ಡ ಪೆಟಿಗ್ರೂಗೂ ಒಂದು ತಲೆ ಇದೆ ನೋಡು, ಬೇಕಂತಲೇ ಗೆದ್ದರಂತೆ! ನೀನೇ ಇದ್ಯಲ್ಲ ಆ ರಾತ್ರಿ ಬೆಂಚಿನ ಹಿಂದೆ. ಏನ್ ನಡೀತು ಹೇಳು, ಯಾರು ಯಾರಿಗೆ ಏನಂದ್ರು?"

ಟ್ಯಾಕ್ಸಿ ಬಂದು ನಿಂತಿತು. ಅಮ್ಮನಿಗೆ ಹೇಳಿದರೆ ನಾಳೆ ಚರ್ಚಿನ ಅಡುಗೆಮನೆಗೆ ತಲುಪುತ್ತದೆ, ನಾಡಿದ್ದು ಲಾಯ್ಡ್‌ನ ಹೆಂಡತಿಗೆ. ಅಮ್ಮನಿಗೂ ಇಲ್ಲ, ಯಾರಿಗೂ ಇಲ್ಲ, ಎಂದು ವರ್ನಾ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು. ಲಾಯ್ಡ್ ಮುಂದಿನ ಹತ್ತು ವರ್ಷ ಇದೇ ಕತೆ ಹೇಳುತ್ತ ತಿರುಗಿದರೂ, ಎದುರಿಗೇ ಕೂತು ಕೇಳಬೇಕಾಗಿ ಬಂದರೂ.

"ನಾನು ನೋಡಲಿಲ್ಲ, ಅಮ್ಮ," ಎಂದಳು. "ಲ್ಯಾಪ್‌ಟಾಪ್ ನೋಡ್ತಿದ್ದೆ."

"ಯಾವತ್ತು ತಾನೆ ಆಟ ನೋಡಿದೀಯ ನೀನು!" ಎಂದು ಅಮ್ಮ ಫೋನು ಇಟ್ಟಳು.