ಮಾವನ ಚಾಕಿನ ಕಪ್ಪು

ನನ್ನ ಎಡಗೈಯ ಮುಂದೋಳಿನಲ್ಲಿ ಈಗ ಒಂದೇ ಒಂದು ಕೂದಲಿಲ್ಲ. ಬಲಗೈ ಎಲ್ಲರ ಕೈಯ ಹಾಗೇ ಇದೆ, ಎಡಗೈ ಮಾತ್ರ ಮಣಿಕಟ್ಟಿನಿಂದ ಮೊಣಕೈವರೆಗೆ ಬೋಳು. ಮೊದಲು ಇದನ್ನು ಕಂಡವರು ನನ್ನ ಗಂಡ, ಅದೂ ಊಟದ ನಡುವೆ.

“ಏನೇ ಇದು, ಚರ್ಮದ ರೋಗಾನಾ? ನಾಳೆನೇ ಡಾಕ್ಟರ ಹತ್ರ ಹೋಗೋಣ,” ಅಂತ ಮುಖ ಸಣ್ಣದು ಮಾಡಿಕೊಂಡರು.

“ರೋಗಾನೇ ರೀ. ಆದ್ರೆ ಡಾಕ್ಟರ ಹತ್ರ ಇದಕ್ಕೆ ಔಷಧಿ ಇಲ್ಲ,” ಅಂದೆ.

ಚಾಕು ಹರಿತವಾಗಿದೆಯೋ ಇಲ್ಲವೋ ಎಂದು ನೋಡಲು ತೋಳಿನ ಕೂದಲು ಬೋಳಿಸಿ ನೋಡಬೇಕು. ಚಾಕಿನ ಹುಚ್ಚು ಹಿಡಿದವರೆಲ್ಲ ಹೀಗೇ ಮಾಡುತ್ತಾರಂತೆ. ಬಸ್ಸಿನಲ್ಲಿ ಯಾರದಾದರೂ ಒಂದು ಕೈ ಮಾತ್ರ ಬೋಳಾಗಿದ್ದರೆ ಈಗ ನನಗೆ ಕಣ್ಣು ಹೊಡೆಯುವಷ್ಟು ಖುಷಿಯಾಗುತ್ತದೆ. ಹೊಡೆದಿಲ್ಲ, ಗಂಡನೇ ಆ ಬಸ್ಸಿನ ಡ್ರೈವರು.

ನಾನು ಪರದೆ ಹೊಲಿಯುವವಳು. ನಮ್ಮ ಅಂಗಡಿಯ ಪಕ್ಕದಲ್ಲಿ ಒಂದು ಹಳೆಸಾಮಾನಿನ ಅಂಗಡಿ ಇದೆ. ಅದರ ಯಜಮಾನನನ್ನು ಎಲ್ಲರೂ ಗುಜರಿಯಣ್ಣ ಅನ್ನುತ್ತಾರೆ. ಪರದೆಯನ್ನು ಸರಳಿಗೆ ತೂಗುಹಾಕುವ ಹಿತ್ತಾಳೆ ಬಳೆಗಳು ಬೇಕೆಂದು ಹೋದವಳು ಬಳೆಗಳ ಡಬ್ಬಿಯ ತಳದಲ್ಲಿ ಕಿರುಬೆರಳಷ್ಟು ಉದ್ದದ ಒಂದು ಮಡಚುವ ಚಾಕು ಕಂಡೆ. ಉಗುರು ಸಿಕ್ಕಿಸಿ ಅಲಗು ತೆರೆದೆ. ಟಕ್! ಮಡಚಿದೆ. ಟಕ್! ಆ ಸದ್ದು ಕಿವಿಯಿಂದ ಒಳಗೆ ಹೋಗಿ ಎದೆಯಲ್ಲೆಲ್ಲೋ ಕೂತುಬಿಟ್ಟಿತು. ಬಳೆ ಮರೆತು ಚಾಕು ತಂದೆ. ಆಮೇಲೆ ಇನ್ನೊಂದು, ಅದರ ಹಿಂದೆ ಕೊಂಬಿನ ಹಿಡಿಯದು, ಅದರ ಹಿಂದೆ ಹಣ್ಣಿನ ಗಿಡಕ್ಕೆ ಕಸಿ ಕಟ್ಟುವವರು ಇಟ್ಟುಕೊಳ್ಳುವಂಥ ಬಾಗಿದ ಮೊನೆಯದು. ಪರದೆಯ ಚೂರುಬಟ್ಟೆಯಲ್ಲಿ ಒಂದೊಂದಕ್ಕೂ ಒಂದೊಂದು ಚೀಲ ಹೊಲಿದೆ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮನೆಯಲ್ಲಿ ನನ್ನ ಹುಚ್ಚಿಗೆ ಸಿಕ್ಕ ಗುರು ನನ್ನ ಮಾವ, ಅಂದರೆ ಗಂಡನ ಅಪ್ಪ. ಟೆಲಿಫೋನ್ ಕಂಬ ಹತ್ತಿ ತಂತಿ ಜೋಡಿಸುವ ಕೆಲಸದಲ್ಲಿದ್ದವರು. ಕೆಲಸಕ್ಕೆ ಸೇರಿದ ಕಾಲದಿಂದ ಅವರ ಬಲಗಡೆ ಜೇಬಿನಲ್ಲಿ ಒಂದೇ ಚಾಕು. ತಂತಿ ಸುಲಿದದ್ದು ಅದರಲ್ಲೇ, ಕಂಬದ ಮೇಲೆ ಕೂತು ಸೇಬು ಹೆಚ್ಚಿ ತಿಂದದ್ದೂ ಅದರಲ್ಲೇ. ನನ್ನ ಮೊದಲ ಚಾಕಿನ ಟಕ್ ಕೇಳಿ ಅವರು ಅಂದದ್ದು ಇಷ್ಟೇ: “ಜೇಬಿಲ್ಲದವಳಿಗೆ ಜೇಬುಚಾಕು ಯಾಕಮ್ಮ?”

ನನಗೆ ಮೂಗಿನ ತುದಿಯಲ್ಲೇ ಕೋಪ. ಆ ವಾರವೇ ನನ್ನ ಎಲ್ಲ ಬಟ್ಟೆಗೂ ಬಲಗಡೆ ಒಂದೊಂದು ಜೇಬು ಹೊಲಿದುಕೊಂಡೆ. ಮಲಗುವ ಬಟ್ಟೆಯನ್ನೂ ಬಿಡಲಿಲ್ಲ. ಮಾವ ನೋಡಿದರು, ಅಂದರೆ ಮುಟ್ಟಿ ನೋಡಿದರು. ಎರಡೂ ಕಣ್ಣಿಗೆ ಪೊರೆ ಬಂದು ಎಷ್ಟೋ ವರ್ಷವಾಗಿತ್ತು, ಅವರಿಗೆ ಎಲ್ಲವೂ ಹೊಗೆಯ ಆಚೆ ಇದ್ದಂತೆ ಕಾಣುತ್ತಿತ್ತು. ಜೇಬು ಮುಟ್ಟಿದ ಮೇಲೆ ಸಾಣೆಕಲ್ಲು ತರಿಸಿ ಪಾಠ ಶುರುಮಾಡಿದರು.

“ಕಲ್ಲು ನೆನೆಸು. ಅಲಗನ್ನ ಓರೆ ಹಿಡಿ. ಅಷ್ಟು ಎತ್ತಬೇಡ, ಕಲ್ಲನ್ನ ಹೆಚ್ತೀಯಾ? ಈ ಕಡೆ ಎಷ್ಟು ಸಲವೋ ಆ ಕಡೆನೂ ಅಷ್ಟೇ ಸಲ. ಮಡಚೋ ಕೀಲಿಗೆ ಒಂದೇ ತೊಟ್ಟು ಎಣ್ಣೆ, ಹೊಲಿಗೆ ಮಿಷನ್ನಿಗೆ ಹಾಕ್ತೀಯಲ್ಲ, ಅದೇ. ಕೆಲಸ ಆದ್ಮೇಲೆ ಒರೆಸಿ ಇಡು. ತುಕ್ಕು ಕಂಡ್ರೆ ಮಾತ್ರ ಬಿಡಬೇಡ.”

ಕೊನೆಯ ಮಾತನ್ನು ನಾನು ಎದೆಗೆ ಹಚ್ಚಿಕೊಂಡೆ. ಎಲ್ಲ ಗಂಡಾಂತರ ಶುರುವಾದದ್ದು ಅಲ್ಲಿಂದಲೇ.

ಮಾವನ ಚಾಕಿನ ಮೇಲೆ ಕಣ್ಣಿಟ್ಟಿದ್ದವಳು ನಾನೊಬ್ಬಳೇ ಅಲ್ಲ. ನಾದಿನಿಯ ಗಂಡನೂ ಇದ್ದ. ಅವನಿಗೆ ನಾನಿಟ್ಟ ಹೆಸರು ಡಬ್ಬಿರಾಯ. ಪೇಂಟಿನ ಡಬ್ಬಿಯ ಮುಚ್ಚಳ ಎತ್ತಲು ಅವನು ಚಾಕಿನ ಮೊನೆ ಹಾಕುತ್ತಾನೆ. ಸ್ಕ್ರೂ ತಿರುಗಿಸಲು ಚಾಕು, ಕಿಟಕಿ ಅಲುಗಾಡದಂತೆ ಸಂದಿಗೆ ಸಿಕ್ಕಿಸಲೂ ಚಾಕು. ಅವನ ಮನೆಯಲ್ಲಿ ಮೊನೆ ಇರುವ ಒಂದು ಚಾಕೂ ಇಲ್ಲ. ಒಳ್ಳೆಯವನೇ, ಜೋರಾಗಿ ನಗುತ್ತಾನೆ, ಆದರೆ ಅವನ ಕೈಗೆ ಚಾಕು ಹೋದರೆ ನಾನು ಅದರ ಮೊನೆಯನ್ನೇ ಕಾಯುತ್ತಾ ಕೂರುತ್ತೇನೆ. ಅಂಥವನು ಒಂದು ಭಾನುವಾರ, “ಮಾವ, ನಿಮ್ಮ ಚಾಕು ನಂಗೇ ಕೊಡಬೇಕು ಆಯ್ತಾ, ಕಾರಲ್ಲಿ ಇಟ್ಕೊಳಕ್ಕೆ ಚೆನ್ನಾಗಿರುತ್ತೆ,” ಅಂತ ನನ್ನ ಎದುರೇ ಕೇಳಿಬಿಟ್ಟ.

ಮಾವ ಯೋಚಿಸಿ ಹೇಳಿದರು: “ನನ್ನ ಕೈ ನಡುಗೋಕೆ ಶುರುವಾಗಿದೆ. ಕೊಡೋದಂತೂ ನಿಜ. ಕಣ್ಣಿನ ಆಪರೇಷನ್ ಆಗ್ಲಿ, ಒಂದ್ಸಲ ಕಣ್ತುಂಬ ಅದನ್ನ ನೋಡ್ಕೊಂಡು ಆಮೇಲೆ ತೀರ್ಮಾನ ಮಾಡ್ತೀನಿ. ನಿನಗೋ, ಇವಳಿಗೋ.”

ಆ ಚಾಕು ನನಗೆ ಬೇಕಿತ್ತು. ಸುತ್ತಿಬಳಸಿ ಯಾಕೆ ಹೇಳಲಿ, ಅದು ಡಬ್ಬಿರಾಯನ ಕಾರಿನಲ್ಲಿ ಮೊನೆ ಮುರಿದುಕೊಂಡು ಬಿದ್ದಿರುವುದನ್ನು ನೆನೆದರೆ ನನಗೆ ಅಳು ಬರುತ್ತಿತ್ತು.

ಆಪರೇಷನ್ನಿಗೆ ಒಳಗೆ ಹೋಗುವ ಮುಂಚೆ ಜೇಬು ಖಾಲಿ ಮಾಡಿ ಅಂದರು ನರ್ಸು. ಮಾವನ ಸುತ್ತ ಮಗ ಇದ್ದ, ಮಗಳಿದ್ದಳು, ಅಳಿಯನೂ ಇದ್ದ. ಅವರೆಲ್ಲರನ್ನೂ ಬಿಟ್ಟು ಕೈ ತಡಕಾಡಿಕೊಂಡು ಚಾಕನ್ನು ನನ್ನ ಅಂಗೈಗೆ ಇಟ್ಟರು. “ಜೋಪಾನ ಕಣಮ್ಮ,” ಅಂದರು. ನಾನು ಆಸ್ಪತ್ರೆಯ ಮೆಟ್ಟಿಲನ್ನು ಹಾರಿಕೊಂಡೇ ಇಳಿದೆ.

ಮೊದಲು ಬಲಗಣ್ಣು ಮಾತ್ರ ಅಂತ ತೀರ್ಮಾನವಾಗಿತ್ತು. ನಾದಿನಿಯ ಮನೆ ಆಸ್ಪತ್ರೆಗೆ ಹತ್ತಿರ, ಹಾಗಾಗಿ ಮಾವ ಮುಂದಿನ ಭಾನುವಾರದವರೆಗೆ ಅಲ್ಲೇ ಇರುವುದು, ಆಮೇಲೆ ನಮ್ಮಲ್ಲಿಗೆ ಬರುವುದು. ಅಂದರೆ ಚಾಕು ಅಲ್ಲಿಯವರೆಗೂ ನನ್ನದೇ ಸುಪರ್ದಿ! ಅಂಗಡಿಯಲ್ಲಿ ಮಿಷನ್ನಿನ ದೀಪದ ಕೆಳಗೆ ಮೊದಲ ಸಲ ನನ್ನ ಕೈಯಾರೆ ಅದನ್ನು ತೆರೆದೆ. ಟಕ್ ಅಲ್ಲ, ಇದರದ್ದು ದಪ್ಪ ಗಂಟಲಿನ ಠಕ್. ಆದರೆ ಅಲಗು ನೋಡಿದರೆ, ಪೂರಾ ಕಪ್ಪು! ಅಲ್ಲಲ್ಲಿ ನೀಲಿ, ಬುಡದಲ್ಲಿ ಬೂದಿ ಬಣ್ಣ. ಅಯ್ಯೋ, ಪಾಪ, ಕಣ್ಣು ಕಾಣದೆ ಮಾವ ಇದನ್ನು ಹೀಗಾಗಲು ಬಿಟ್ಟಿದ್ದಾರಲ್ಲ ಅನ್ನಿಸಿತು. ತುಕ್ಕು ಕಂಡರೆ ಬಿಡಬೇಡ ಅಂದವರ ಚಾಕಿಗೇ ತುಕ್ಕು!

ಪರದೆಯ ಹಿತ್ತಾಳೆ ಬಳೆ ಹೊಳೆಯಿಸಲು ನಮ್ಮಲ್ಲಿ ಒಂದು ಪಾಲಿಶ್ ಇದೆ, ಮಸಿ ಹಿಡಿದ ಬಳೆಯನ್ನೂ ಮದುವಣಗಿತ್ತಿ ಮಾಡುತ್ತದೆ. ಚಿಂದಿಗೆ ಹಚ್ಚಿ ಉಜ್ಜಿದೆ. ಕಪ್ಪು ಬಿಡುತ್ತಾ ಬಂತು. ನನಗೆ ಆವೇಶ ಬಂದಂತಾಯಿತು. ಹಾಡು ಗುನುಗುತ್ತಾ, ಭುಜ ನೋಯುವವರೆಗೆ ತಿಕ್ಕಿದೆ. ಕೊನೆಗೆ ಅಲಗಿನಲ್ಲಿ ನನ್ನ ಹಲ್ಲು ಕಂಡಿತು, ಹಲ್ಲಿನ ಸಂದಿಯೂ ಕಂಡಿತು. ಹೊಸ ಕಣ್ಣಿಗೆ ಹೊಸ ಚಾಕು! ಮಾವ ನನ್ನನ್ನು ತಲೆ ಮೇಲೆ ಕೂರಿಸಿಕೊಳ್ಳುವುದು ಗ್ಯಾರಂಟಿ ಅಂದುಕೊಂಡು ಗುಜರಿಯಣ್ಣನಿಗೆ ತೋರಿಸಲು ಓಡಿದೆ.

ಗುಜರಿಯಣ್ಣ ಅದನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಸ್ಟೂಲಿನ ಮೇಲೆ ಕುಸಿದು ಕೂತ.

“ಅಕ್ಕಾ, ಏನ್ ಮಾಡ್ಬಿಟ್ರಿ?”

“ತುಕ್ಕು ತೆಗ್ದೆ.”

“ಅದು ತುಕ್ಕಲ್ಲ ಅಕ್ಕ. ಕೆಂಪಗಿದ್ರೆ ತುಕ್ಕು, ಅದು ಕಬ್ಬಿಣಾನ ತಿನ್ನುತ್ತೆ. ಕಪ್ಪು ತಿನ್ನಲ್ಲ, ಕಾಯುತ್ತೆ. ಹಳೆ ಉಕ್ಕು ಹಣ್ಣಿನ ರಸ, ಕೈಬೆವರು ಎಲ್ಲ ಕುಡಿದು ಕುಡಿದು ಹಾಗಾಗೋದು. ನೀವೇ ಹೇಳಿದ್ರಲ್ಲ, ನಿಮ್ಮ ಮಾವ ತಿಂದ ಅಷ್ಟೂ ಸೇಬು ಅದರ ಮೇಲಿತ್ತು.”

ಒಬ್ಬ ಮನುಷ್ಯ ಇಡೀ ನೌಕರಿಯುದ್ದಕ್ಕೂ ಕಂಬದ ಮೇಲೆ ಕೂತು ತಿಂದದ್ದನ್ನು ನಾನು ಹಾಡು ಹೇಳಿಕೊಂಡು ಒರೆಸಿ ಹಾಕಿದ್ದೆ.

“ಮತ್ತೆ ಬರಲ್ವಾ ಅಣ್ಣ?”

“ಬರುತ್ತೆ. ಹುಳಿ ಇರೋದನ್ನ ಹೆಚ್ಚಿ, ಬಣ್ಣ ತಿರುಗುತ್ತೆ. ಆದ್ರೆ ಭಾನುವಾರದೊಳಗೆ ಅಂದ್ರೆ…” ಅಂತ ಅವನು ಛಾವಣಿ ನೋಡಿದ.

ಅವನು ಛಾವಣಿ ನೋಡುತ್ತಿರುವಾಗಲೇ ನಾನು ಹಣ್ಣಿನಂಗಡಿಯಲ್ಲಿದ್ದೆ. ಆ ವಾರ ನಮ್ಮ ಮನೆಯಲ್ಲಿ ಸೇಬು ಬಿಟ್ಟು ಬೇರೇನೂ ಇರಲಿಲ್ಲ. ಬೆಳಗ್ಗೆ ಸೇಬು, ಮಧ್ಯಾಹ್ನ ಸೇಬು. ಗಂಡನ ಡಬ್ಬಿಯಲ್ಲೂ ಸೇಬಿನ ಹೋಳು ತುಂಬಿ ಕಳಿಸಿದೆ. ಡಿಪೋದ ಡ್ರೈವರು ಕಂಡಕ್ಟರುಗಳೆಲ್ಲ ಮೊದಲ ದಿನ, “ನಿಮ್ಮ ಮನೆಯವರು ಎಷ್ಟು ಒಳ್ಳೆಯವರು,” ಅಂದರಂತೆ. ನಾಲ್ಕನೇ ದಿನ ನನ್ನ ಗಂಡನನ್ನು ಕಂಡರೆ ಬಸ್ಸಿನ ಹಿಂದೆ ಅಡಗುತ್ತಿದ್ದರಂತೆ. ಪರದೆ ಅಳತೆ ಕೊಡಲು ಬಂದ ಗಿರಾಕಿಗಳಿಗೂ ತಟ್ಟೆ ತುಂಬ ಸೇಬು. ನಿಂಬೆಹಣ್ಣು ಕೊಯ್ದೆ, ಈರುಳ್ಳಿ ಹೆಚ್ಚಿದೆ, ಅಲಗನ್ನು ಹಸಿ ಆಲೂಗಡ್ಡೆಗೆ ಚುಚ್ಚಿ ಅದರೆದುರು ಕೂತು ಕಾದೆ.

“ಅದನ್ನ ಹಾಗೆ ನೋಡ್ತಾ ಕೂತ್ರೆ ನಾಚ್ಕೊಂಡು ಬಣ್ಣ ಬರಲ್ಲ ಕಣೇ,” ಅಂದರು ಗಂಡ, ಬಾಯಿ ತುಂಬ ಸೇಬು.

ಬಣ್ಣ ಬಂತು. ಆದರೆ ಹೇಗೆ ಬಂತು! ಒಂದು ಕಡೆ ತಿಳಿ ಬೂದಿ, ಒಂದು ಕಡೆ ನವಿಲಿನ ನೀಲಿ, ನಿಂಬೆ ತಾಗಿದಲ್ಲಿ ಚಿರತೆಯ ಚುಕ್ಕೆ. ಆತುರಕ್ಕೆ ವಿನೆಗರ್ ಬಟ್ಟೆ ಸುತ್ತಿಟ್ಟಿದ್ದೆ, ಬಟ್ಟೆಯ ನೇಯ್ಗೆಯೂ ಅಲಗಿನ ಮೇಲೆ ಮೂಡಿತು. ಭಾನುವಾರ ಬೆಳಗ್ಗೆ ನೋಡಿದರೆ ಚಾಕಿಗೆ ಯಾರೋ ಪರದೆ ಹೊಲಿದು ಹಾಕಿದಂತಿತ್ತು.

ಮಾವ ಬಂದರು. ಕಪ್ಪು ಕನ್ನಡಕ, ಒಂದು ಕೈ ಹಿಡಿದುಕೊಂಡು ಮಗಳು, ಹಿಂದೆ ಡಬ್ಬಿರಾಯ. ಬಾಗಿಲಲ್ಲೇ ಕನ್ನಡಕ ತೆಗೆದು ನನ್ನ ಮುಖವನ್ನೇ ನೋಡಿದರು.

“ನಿನ್ನ ಮೂಗಿನ ಮೇಲೆ ಮಚ್ಚೆ ಇದೆ!” ಅಂತ ಕೂಗಿದರು. “ಇಷ್ಟು ವರ್ಷ ಯಾರೂ ಹೇಳೇ ಇಲ್ವಲ್ಲ ನಂಗೆ!”

ಅವರನ್ನು ಹಿಡಿಯುವವರೇ ಇರಲಿಲ್ಲ. ಗೋಡೆಯ ಬಿರುಕು, ಫ್ಯಾನಿನ ಧೂಳು, ಮಗನ ನರೆಗೂದಲು, ಎಲ್ಲಕ್ಕೂ ಬೆರಳು ತೋರಿಸಿ ನಕ್ಕರು. ಹೊಸ ಕಣ್ಣು ಮುಚ್ಚಿ ಹಳೆ ಕಣ್ಣಲ್ಲಿ ನೋಡುವುದು, ಹಳೆ ಕಣ್ಣು ಮುಚ್ಚಿ ಹೊಸ ಕಣ್ಣಲ್ಲಿ ನೋಡುವುದು, “ಅಯ್ಯಯ್ಯೋ, ಈ ಬಾಗಿಲು ಹಸಿರಾ!” ಅನ್ನುವುದು. ನಾವೆಲ್ಲ ಅವರ ಹಿಂದೆ ಕೋಣೆಯಿಂದ ಕೋಣೆಗೆ ನಗುತ್ತಾ ಓಡಾಡಿದೆವು. ನಾನೂ ನಕ್ಕೆ, ಜೇಬಿನ ಮೇಲೆ ಕೈಯಿಟ್ಟುಕೊಂಡೇ.

ಕೊನೆಗೆ ಮೇಜಿನ ಮುಂದೆ ಕೂತು ಕೈ ಚಾಚಿದರು. “ಎಲ್ಲಿದೆಯಮ್ಮ ಅದು?”

ಕೊಟ್ಟೆ. ಠಕ್. ಕಿಟಕಿಯ ಬೆಳಕಿಗೆ ಹಿಡಿದರು. ಹಳೆ ಕಣ್ಣಲ್ಲಿ ನೋಡಿದರು, ಹೊಸ ಕಣ್ಣಲ್ಲಿ ನೋಡಿದರು, ಮತ್ತೆ ಹಳೆ ಕಣ್ಣಲ್ಲಿ.

“ಹಳೆ ಕಣ್ಣು, ಚಾಕು ಸರಿಯಾಗಿದೆ ಅನ್ನುತ್ತೆ. ಹೊಸದು ಒಪ್ತಿಲ್ಲ,” ಅಂದರು. “ಇದು ಹೀಗೇ ಇತ್ತಾ?”

“ಹೀಗೇ ಇತ್ತು ಮಾವ, ನಾನೇ ನೋಡಿದೀನಲ್ಲ,” ಅಂದ ಡಬ್ಬಿರಾಯ. ಸುಳ್ಳು ಹೇಳಬೇಕೆಂದಲ್ಲ, ಅವನು ಯಾವತ್ತೂ ನೋಡಿಯೇ ಇರಲಿಲ್ಲ.

ಮಾವ ನನ್ನ ಕಡೆ ತಿರುಗಿದರು. “ಕಣ್ಣು ಮಂಜಾಗಿ ಕಾಲ ಆಯ್ತು. ಅದರ ಬಣ್ಣ ನಂಗೆ ಮರೆತೇಹೋಗಿದೆ. ನೀನು ಹೇಳಮ್ಮ.”

ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಮೇಜಿನ ಕೆಳಗೆ ಗಂಡ ನನ್ನ ಕಾಲು ಒತ್ತಿದರು. ಆದರೆ ಮಾವ ನನ್ನನ್ನು ಕೇಳಿದ್ದು ತಮ್ಮದೇ ಕಣ್ಣನ್ನು ಕೇಳಿದಂತೆ. ಆಸ್ಪತ್ರೆಯಲ್ಲಿ ನನ್ನ ಅಂಗೈ ಹುಡುಕಿದ ಆ ಕೈ ನೆನಪಾಯಿತು. ನನ್ನಿಂದಾಗಲಿಲ್ಲ.

“ಇಲ್ಲ ಮಾವ. ಕಪ್ಪಗಿತ್ತು. ಎಷ್ಟು ಚೆನ್ನಾಗಿತ್ತು ಗೊತ್ತಾ, ಅಲ್ಲಲ್ಲಿ ನೀಲಿ ಇತ್ತು. ನಾನು ತುಕ್ಕು ಅಂದ್ಕೊಂಡು ಪರದೆ ಬಳೆ ಪಾಲಿಶಲ್ಲಿ ಉಜ್ಜಿ ಉಜ್ಜಿ ತೆಗ್ದುಬಿಟ್ಟೆ. ಆಮೇಲೆ ಈ ಸೇಬು…” ಅಂತ ಹಣ್ಣಿನ ಬುಟ್ಟಿ ತೋರಿಸಿದೆ. “ಚಾಕು ಅವರಿಗೇ ಕೊಡಿ ಮಾವ. ನಾನು ಕೇಳಲ್ಲ.”

ಮಾವ ಅಲಗನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಅಳಿಯನನ್ನು ಕೇಳಿದರು.

“ಕೊಟ್ಟಿದ್ರೆ ನೀನು ಉಜ್ಜಿರ್ತಿದ್ಯೇನಪ್ಪ?”

“ನಾನಾ? ಯಾಕ್ ಉಜ್ಜಲಿ ಮಾವ, ಚಾಕು ತಾನೇ!” ಅಂತ ಡಬ್ಬಿರಾಯ ಜೋರಾಗಿ ನಕ್ಕ.

“ಅದೇ,” ಅಂದರು ಮಾವ. “ಒಂದು ಸೇಬು ಕೊಡಿ.”

ನನ್ನ ಗಂಡ ಮುಖ ಕಿವುಚಿ, “ಅಪ್ಪಾ, ಬೇರೆ ಏನಾದ್ರೂ ಕೇಳಿ,” ಅಂತ ಗೋಗರೆದರು. ಆದರೂ ಒಂದು ಉಳಿದಿತ್ತು. ಮಾವ ಅದನ್ನು ನಡುಗುವ ಕೈಯಲ್ಲಿ ನಿಧಾನಕ್ಕೆ ಹೆಚ್ಚಿ ಎಲ್ಲರಿಗೂ ಒಂದೊಂದು ಹೋಳು ಕೊಟ್ಟರು. ಅಲಗಿನ ಮೇಲೆ ರಸ ಹರಿಯಿತು. ನನ್ನ ಕೈ ತಾನಾಗಿ ಬಟ್ಟೆಗೆ ಹೋಯಿತು, ಒರೆಸಬೇಕಲ್ಲ. ಅವರು ನನ್ನ ಮಣಿಕಟ್ಟು ಹಿಡಿದರು. ನನ್ನ ಬೋಳು ತೋಳು ಅವರ ಹೊಸ ಕಣ್ಣಿಗೆ ಬಿದ್ದದ್ದು ಆಗಲೇ. ತೋಳನ್ನು ನೋಡಿದರು, ನನ್ನ ಮುಖ ನೋಡಿದರು, ಭುಜ ಕುಣಿಯುವಂತೆ ನಗಲು ಶುರುಮಾಡಿದರು.

“ಈಗಲೇ ಒರೆಸಬೇಡ, ಸ್ವಲ್ಪ ಹೊತ್ತು ಇರಲಿ,” ಅಂದರು ನಗು ನಿಂತ ಮೇಲೆ. “ಅದು ನಾನು ತಿಂದದ್ದರ ಕಪ್ಪು. ನಾನು ತಿಂದಾಯ್ತು. ಇನ್ನು ನೀನು ತಿಂದದ್ದು ಬರಲಿ. ಅವಸರ ಮಾಡಬೇಡ.”

ನಾದಿನಿ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು. ಡಬ್ಬಿರಾಯ ನನ್ನ ಬೆನ್ನು ತಟ್ಟಿ, “ಡಬ್ಬಿ ತೆಗೆಯಕ್ಕೆ ಆಗಾಗ ಕೊಡಿ,” ಅಂದ. ನಾನು ಅವನತ್ತ ಬಿಟ್ಟ ನೋಟಕ್ಕೆ ಎರಡು ಹೆಜ್ಜೆ ಹಿಂದೆ ಸರಿದ.

ರಸ ಒಣಗುವವರೆಗೆ ಎಲ್ಲರೂ ಅಲಗನ್ನೇ ನೋಡುತ್ತಾ ಕೂತೆವು. ಆಮೇಲೆ ಮಾವ ತಾವೇ ಅದನ್ನು ಒರೆಸಿದರು. ಮಡಚಿದರು, ಠಕ್. ನನ್ನ ಕಡೆ ಬಗ್ಗಿ, ಒಂದು ಕಣ್ಣು ಮುಚ್ಚಿ ಹೊಸ ಕಣ್ಣಲ್ಲಿ ಕೇಳಿದರು.

“ಎಲ್ಲಿದೆಯಮ್ಮ ನಿನ್ನ ಜೇಬು? ನಾನಿನ್ನೂ ನೋಡೇ ಇಲ್ಲ.”

ನಾನು ಎದ್ದು ನಿಂತು ತೋರಿಸಿದೆ.