ಟೊಪ್ಪಿ ಕತ್ತೆಯ ಅಮ್ಮ

ಜೊಕಿಮನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಮುಚ್ಚಿಟ್ಟೆ ಅಂತ ಆಮೇಲೆ ನನ್ನನ್ನು ಬೈಯಬೇಡಿ. ಹಂಚಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮಣ್ಣು ಕಲಸಿದವನು. ಕನ್ನಡ ಅಕ್ಷರದ ಕೊಂಕಣಿ ಪ್ರಾರ್ಥನೆ ಪುಸ್ತಕ ಓದುವಷ್ಟು ವಿದ್ಯೆ, ಅಷ್ಟೆ. ಆದರೂ ಮಣ್ಣಗುಡ್ಡದ ತನ್ನ ಜಗಲಿಯಲ್ಲಿ ಆರು ವರ್ಷದಿಂದ, ಪ್ರತಿ ಆದಿತ್ಯವಾರ ಇಗರ್ಜಿಯ ಪೂಜೆ ಮುಗಿಸಿ ಬಂದ ಮೇಲೆ, ಇಂಗ್ಲಿಷ್ ಪೇಪರಿನ ಚಿತ್ರಕಥೆಯನ್ನು ತನ್ನನ್ನು ಮರ್ಯಾದೆಯಿಂದ ಪೊರ್ಬುಗಳು ಎಂದು ಕರೆಯುವ ನೆರೆಯವರಿಗೆ ಓದಿ ಹೇಳುತ್ತಿದ್ದ. ಧೈರ್ಯ ನೋಡಿ!

ಬೊಂಬಾಯಿಯ ತಮ್ಮ ಆಂಬ್ರೋಸ್ ಸ್ಟೀಮರಿನಲ್ಲಿ ಕಳಿಸುವ ಕಟ್ಟುಗಳಿಗೆ ಸುತ್ತಿದ ಹಳೇ ಪೇಪರಿನಲ್ಲಿ ಆ ಚಿತ್ರ ಇರುತ್ತಿತ್ತು: ಟೊಪ್ಪಿ ಹಾಕಿದ ಒಂದು ಕತ್ತೆ, ಸಾಲಾಗಿ ನಾಲ್ಕು ಚೌಕ. ಯಾವ ವಾರದ್ದು ಮೊದಲು, ಯಾವುದು ಆಮೇಲೆ, ದೇವರಿಗೇ ಗೊತ್ತು. ಜೊಕಿಮ್ ಗಂಜಿತಿಳಿ ಹಚ್ಚಿ ರಟ್ಟಿಗೆ ಅಂಟಿಸಿ, ಬಂದ ಹಾಗೆಯೇ ಕಥೆ ಕಟ್ಟುತ್ತಿದ್ದ. ಕೊನೆಯ ಚೌಕದಲ್ಲಿ ಕತ್ತೆ ಯಾವಾಗಲೂ ಗೆರೆಯಾಚೆಗೆ ತಿರುಗಿ ನೋಡುತ್ತಿತ್ತು. ಅಲ್ಲಿ ಯಾರುಂಟು ಅಂತ ಪಕ್ಕದ ಮನೆಯ ಕುಶಲಾ ಮೊದಲ ವಾರವೇ ಕೇಳಿದಳು. ಅದರ ಅಮ್ಮ, ಎಂದುಬಿಟ್ಟ. ಅಂದಿನಿಂದ ಆ ಅಮ್ಮ ಗೆರೆಯಾಚೆ ನಿಂತು ಬೈದಳು, ದೋಸೆಗೆ ಅಕ್ಕಿ ಕಡೆದಳು, ಮಗನಿಗೆ ಜ್ವರ ಬಂದಾಗ ಕಷಾಯ ಕುಡಿಸಿದಳು. ತನ್ನ ತಾಯಿ ತೀರಿಹೋದ ವರ್ಷ ಕುಶಲಾ ಒಂದು ಆದಿತ್ಯವಾರವನ್ನೂ ತಪ್ಪಿಸಲಿಲ್ಲ.

ಹೀಗಿರುವಾಗ ಅವಳ ಗಂಡ ನೋಣಯ್ಯ ಪೇಟೆಯಿಂದ ಒಂದು ಸಿನೆಮಾ ನೋಟೀಸು ತಂದ. ಅದರಲ್ಲಿ ಅದೇ ಕತ್ತೆ, ಅದೇ ಟೊಪ್ಪಿ. ಸಿನೆಮಾದ ಮೊದಲು ಕತ್ತೆಯ ಓಡುವ ಚಿತ್ರ ತೋರಿಸುತ್ತಾರಂತೆ. ಕುಶಲಾಳಿಗೆ ಹಿಡಿಸಲಾರದಷ್ಟು ಖುಷಿ, ಅಮ್ಮನ ಮುಖ ಕೊನೆಗೂ ನೋಡಬಹುದಲ್ಲ! ಜೊಕಿಮನಿಗೆ ಹೆದರಿಕೆ ಹತ್ತಿತು: ಆರು ವರ್ಷದ ಸುಳ್ಳು ಇವಳೆದುರೇ ಬಯಲಾಗುತ್ತದೆ, ಇನ್ನು ಜಗಲಿ ಹತ್ತುವವರು ಯಾರು? ಹೊಟ್ಟೆನೋವು ಎಂದು ಚಾಪೆ ಹಿಡಿದ. ಹೆಂಡತಿ ಡುಲ್ಸಿನ್ ಶುಂಠಿ ರಸ ಕುಡಿಸಿ, ಕೋಟು ತೊಡಿಸಿ, ಮಧ್ಯಾಹ್ನದ ಆಟಕ್ಕೆ ಹೊರಡಿಸಿಯೇ ಬಿಟ್ಟಳು.

ಪರದೆಯ ಮೇಲೆ ಕತ್ತೆ ಓಡಿತು, ಕುಣಿಯಿತು, ಬ್ಯಾಂಡಿನ ತಾಳಕ್ಕೆ ಸರಿಯಾಗಿ ಒದೆಯಿತು. ನೋಣಯ್ಯ ತೊಡೆ ತಟ್ಟಿ ನಕ್ಕ. ಜೊಕಿಮನಿಗೂ ನಗು ಬಂತು, ಸುಳ್ಳೇಕೆ? ಕೊನೆಗೆ ಕತ್ತೆ ಹೊರಳಿ ನೋಡಿತು. ಚಿತ್ರವೂ ಅದರ ಜೊತೆಗೇ ಗೆರೆಯಾಚೆಗೆ ಸರಿಯಿತು. ಅಲ್ಲಿ ಇದ್ದದ್ದು ಒಂದು ದೀಪದ ಕಂಬ.

ವಾಪಸು ಬರುವ ದಾರಿಯುದ್ದಕ್ಕೂ ನೋಣಯ್ಯನದ್ದೇ ಮಾತು. ಪೇಪರಿನ ಕತ್ತೆ ನಿಂತಲ್ಲೇ ನಿಂತದ್ದು, ಇದಕ್ಕೆ ಜೀವ ಉಂಟು, ಪೇಪರು ಇದರ ಕಾಲಿನ ಧೂಳಿಗೂ ಸಮ ಅಲ್ಲ ಎಂದು ತೀರ್ಪು ಕೊಟ್ಟ. ಕುಶಲಾ ಜಗಲಿಯ ಮೆಟ್ಟಿಲ ಹತ್ತಿರ ಬಂದು ನಿಂತಳು.

"ಅಮ್ಮ ಎಲ್ಲಿ, ಜೊಕಿಮ್ ಪೊರ್ಬುಗಳೇ?"

ಜೊಕಿಮ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಮ್ಮ ಪೇಪರಿನಲ್ಲಿಯೂ ಇಲ್ಲ, ಕುಶಲಾ. ನನಗೆ ಇಂಗ್ಲಿಷ್ ಬರುವುದಿಲ್ಲ. ಎಲ್ಲ ನಾನೇ ಹೇಳಿದ್ದು."

ಕುಶಲಾ ಮೆಟ್ಟಿಲ ಮೇಲೆ ಕೂತಳು. ಆಮೇಲೆ, ಸಿನೆಮಾದವರು ಅಮ್ಮನನ್ನು ಬಿಟ್ಟು ಕಂಬ ನಿಲ್ಲಿಸಿದ್ದು ದೊಡ್ಡ ತಪ್ಪು, ಬರುವ ಆದಿತ್ಯವಾರ ಇದಕ್ಕೆ ಅಮ್ಮ ಎಂತ ಹೇಳಿದಳೆಂದು ತನಗೆ ಕೇಳಬೇಕು ಅಂದಳು. ಕಂಬವನ್ನು ಅಮ್ಮ ಸುಮ್ಮನೆ ಬಿಡುವವಳಲ್ಲ ಎಂದು ನೋಣಯ್ಯನೂ ಸೇರಿಸಿದ. ತನ್ನ ತೀರ್ಪು ಆಗಲೇ ಅವನಿಗೆ ಮರೆತುಹೋಗಿತ್ತು.

ಅವರು ಹೋದ ಮೇಲೆ ಜೊಕಿಮ್ ಬೆಂಚಿನ ಮೇಲೆ ಕುಸಿದು, ಹೆಂಡತಿಯ ಕಡೆಗೂ ತಿರುಗಿ ತಪ್ಪೊಪ್ಪಿಕೊಂಡ. ಡುಲ್ಸಿನ್ ಅವನ ಕೋಟು ಮಡಚುತ್ತಿದ್ದಳು. ಮದುವೆಗೆ ಮೊದಲು ಅವಳು ಒಬ್ಬ ದೊರೆಸಾನಿಯ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದವಳು. ಅಲ್ಲಿ ಇಂಗ್ಲಿಷ್ ಓದಲು ಕಲಿತದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

"ನಾನು ಆ ಪೇಪರು ಓದಿದ್ದೇನೆ," ಅಂದಳು. "ಎಲ್ಲವನ್ನೂ, ಮೊದಲಿನಿಂದ. ಅಷ್ಟೇನೂ ಚೆನ್ನಾಗಿಲ್ಲ. ಅದಕ್ಕೇ ನಿಮ್ಮದನ್ನು ಕೇಳಲು ಕೂತುಕೊಳ್ತೇನೆ."