ಬಾಯಿ ಮೇಲಿನ ಅಂಗೈ

ಮತ್ತೆ ಸೀನನ್ನು ನುಂಗಿತು ಕೂಸು, ಇಡೀ ಕಣವೇ ಸೀನುತ್ತಿರುವಾಗ, ಹರವಿದ ಮೆಣಸಿನಕಾಯಿಯ ಘಾಟಿಗೆ ತೊಟ್ಟು ಬಿಡಿಸುವ ಹೆಂಗಸರು ಸೀನುತ್ತಿದ್ದಾರೆ, ಚೀಲ ಹೊರುವ ಹಮಾಲರು ಸೀನುತ್ತಿದ್ದಾರೆ, ಕಾವಲಿನ ನಾಯಿ ಕೂಡ ಮೂಗನ್ನು ಮಣ್ಣಿಗೆ ಉಜ್ಜಿ ಸೀನುತ್ತಿದೆ, ಈ ಕೂಸು ಪುಲ್ಮನಿ ಮಾತ್ರ ಕಣ್ಣು ದೊಡ್ಡದು ಮಾಡಿ, ಮೆಣಸಿನಕಾಯಿ ಮುಟ್ಟಿದ ಅಂಗೈಯನ್ನು ಬಾಯಿಗೆ ಒತ್ತಿಕೊಂಡು, ಬಂದದ್ದನ್ನು ಒಳಗೇ ಅಮುಕಿಬಿಟ್ಟಳು, ಭುಜ ಒಮ್ಮೆ ಕುಲುಕಿತು ಅಷ್ಟೆ — ಎಲ್ಲಿಗೆ ಹೋಗುತ್ತದೆ ಅದು, ಅಷ್ಟು ಪುಟ್ಟ ಎದೆಯೊಳಗೆ ಎಷ್ಟು ಜಾಗವಿದೆ ಎಂದು ಕೊಟ್ರಬಸಮ್ಮ ಮಕ್ಕಳ ಶೆಡ್ಡಿನ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ನೋಡಿದಳು, ಕಲ್ಲು ಒಂದು ಕಡೆ, ನೆಲ್ಲು ಒಂದು ಕಡೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತದೆ, ಮನಸ್ಸಿಗೆ ಮಾತ್ರ ಆರಿಸಲು ಬರುವುದಿಲ್ಲ. ಕೂಲಿಗೆಂದು ಬೇರೆ ಬೇರೆ ಸೀಮೆಗಳಿಂದ ಕುರುಗೋಡಿಗೆ ಬಂದವರ ಮಕ್ಕಳಿಗಾಗಿ ಯಾವುದೋ ಸಂಸ್ಥೆಯವರು ಹಾಕಿದ ಶೆಡ್ಡು ಇದು, ಆಯಾ ಎಂದು ಇವಳನ್ನು ಇಟ್ಟುಕೊಳ್ಳುವ ಮೊದಲು ಬಳ್ಳಾರಿಗೆ ಕರೆದು ಒಂದು ದಿನ ತರಬೇತಿಯನ್ನೂ ಕೊಟ್ಟಿದ್ದರು, ಚಹಾ, ಬಿಸ್ಕೀಟು, ಗೋಡೆಯ ಮೇಲೆ ನಗುವ ಮುಖ ಅಳುವ ಮುಖದ ಚಿತ್ರ, ಐದು ಹೆತ್ತು ಮೂರನ್ನು ಉಳಿಸಿಕೊಂಡವಳಿಗೆ ಅಳುವ ಮುಖ ಹೇಗಿರುತ್ತದೆಂದು ಚಿತ್ರ ಬರೆದು ತೋರಿಸುವುದು! ಆದರೆ ತರಬೇತಿ ಕೊಟ್ಟ ವಿಜಯಲಕ್ಷ್ಮಿ ಮೇಡಂ ಒಂದು ಮಾತು ಹೇಳಿದ್ದು ಮಾತ್ರ ಎದೆಯಲ್ಲೇ ಕೂತುಬಿಟ್ಟಿತು, ಊರು ಬಿಟ್ಟು ಬಂದ ಮಕ್ಕಳು ಕಂಡಿದ್ದನ್ನೆಲ್ಲ ಹೊಟ್ಟ್ಯಾಗ ಇಟ್ಕಂಡಿರ್ತಾವ್ರಿ, ಅಳಾಕ ಬಿಡ್ರಿ, ಗಟ್ಟಿಯಾಗಿ ಅತ್ತರ ಆ ಕೂಸು ಬದುಕಿತು ಅಂತ ತಿಳ್ಕರ್ರಿ. ಅಳಾದೇ ಇಲ್ಲಂದ್ರ ಮೇಡಂ, ಎಂದು ಕೇಳಿದ್ದಳು ಕೊಟ್ರಬಸಮ್ಮ, ಹಂಗಾರ ಸುಮ್ಮನ ಬಾಜೂಕ ಕುಂದರ್ರಿ. ಅಂದಿನಿಂದ ಕೂತೇ ಇದ್ದಾಳೆ, ಪುಲ್ಮನಿಯ ಬಾಯಿಂದ ಒಂದು ಸದ್ದೂ ಬಂದಿಲ್ಲ.

ಹೋದ ವರ್ಷ ಇದೇ ಸುಗ್ಗಿಯಲ್ಲಿ ಈ ಕೂಸಿನ ಬಾಯಿ ಊರಿಗೇ ಕೇಳಿಸಿತ್ತು. ಅಪ್ಪ ಸೋಮ್ರಾ, ಝಾರ್ಖಂಡದ ಕಡೆಯವನಂತೆ, ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ, ಚೀಲ ತುಂಬುವ ಕೆಲಸವಿದೆ ಎಂದು ಹೆಂಡತಿ ಮಗಳನ್ನು ಕಟ್ಟಿಕೊಂಡು ಈ ಕಣಕ್ಕೆ ಬಂದಿದ್ದ, ಮೆಣಸಿನಕಾಯಿಯಲ್ಲಿ ಆಡಿದ ಕೈಯಲ್ಲಿ ಮಗಳು ಕಣ್ಣು ಉಜ್ಜಿಕೊಂಡಳು, ಇಷ್ಟೇ, ಇಷ್ಟೇ ಆದದ್ದು, ಈ ಊರಿನ ಯಾವ ಕೂಸು ಉಜ್ಜಿಕೊಂಡಿಲ್ಲ, ಯಾವ ತಾಯಿ ನೀರೆರಚಿ ಬೆಣ್ಣೆ ಸವರಿಲ್ಲ, ಆದರೆ ಆ ವಾರ ಎಲ್ಲರ ಫೋನಿನಲ್ಲೂ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಓಡಾಡುತ್ತಿತ್ತು, ಅರಚುವ ಕೂಸನ್ನು ಹೆಗಲಿಗೆ ಹಾಕಿಕೊಂಡು ಗುರುತಿಲ್ಲದ ಒಬ್ಬ ಕರಿಯ ಗಂಡಸು, ಸೊಂಟದಲ್ಲಿ ಚೀಲ ಎತ್ತುವ ಕಬ್ಬಿಣದ ಕೊಕ್ಕೆ, ನಲ್ಲಿ ಹುಡುಕುತ್ತಾ ರಸ್ತೆಗೆ ಓಡಿ ಬಂದ — ಹಿಡೀರ್ರಲೇ! ಯಾರು ಕೂಗಿದರೋ. ಕೊಟ್ರಬಸಮ್ಮ ಅಲ್ಲಿರಲಿಲ್ಲ, ಅಲ್ಲಿ ಇಲ್ಲದವರೂ ಅದನ್ನು ಫೋನಿನಲ್ಲಿ ನೋಡಿದರು, ಉಂಡು ಕೈ ತೊಳೆಯುವ ಮೊದಲೇ ನೋಡಿದರು, ಕೂಸನ್ನು ಕಿತ್ತುಕೊಂಡರು, ಅವನನ್ನು ಕೆಡವಿದರು, ಬಾಯಿಗೆ ಒದ್ದರು, ಹಲ್ಲು ಮಣ್ಣಿಗೆ ಬಿತ್ತು, ಅವನು ತನ್ನ ಕಣ್ಣು ತೋರಿಸಿ ಮಗಳ ಕಣ್ಣು ತೋರಿಸಿ ಪಾನಿ, ಪಾನಿ ಎನ್ನುತ್ತಿದ್ದಾನೆ, ಪಾನಿ ಎಂದರೆ ನೀರು ಎಂದು ಈ ಊರಿನ ನಾಯಿಗೂ ಗೊತ್ತು, ಆದರೂ ಹೊಡೆದರು, ನೋಡ್ರಿ ಕೂಸು ಹೆಂಗ ಒದರಾಕತ್ತೈತಿ, ಇನ್ನೂ ಹಾಕ್ರಿ ಮಗಗ, ಅವಳು ಒದರಿದಷ್ಟೂ ಏಟು ಜೋರು, ಅವನದೇ ಕೊಕ್ಕೆಯನ್ನು ಕಿತ್ತು ಅವನದೇ ಬೆನ್ನಿಗೆ ಎಳೆದರು, ಚೀಲ ಹರಿದಂತೆ ಹರಿಯಿತು. ಆಗ, ಫೋನಿನ ಮೂಲೆಯಲ್ಲಿ, ಯಾರೂ ಗಮನಿಸದ ಆ ಮೂಲೆಯಲ್ಲಿ, ಯಾವಳದೋ ಕಂಕುಳಲ್ಲಿದ್ದ ಕೂಸಿಗೆ ಏನು ಹೊಳೆಯಿತೋ, ಮೆಣಸಿನಕಾಯಿಯ ಅಂಗೈಯನ್ನು ತಾನೇ ತನ್ನ ಬಾಯಿಗೆ ಒತ್ತಿಕೊಂಡಳು. ನಾನು ಸುಮ್ಮನಾದರೆ ಇವರು ಬಿಡುತ್ತಾರೆ ಎಂದುಕೊಂಡಳು. ಬಿಡಲಿಲ್ಲ. ಬಳ್ಳಾರಿ ದವಾಖಾನೆ ಮುಟ್ಟುವ ಮೊದಲೇ ಸೋಮ್ರಾ ಹೋಗಿದ್ದ.

ಕೊಕ್ಕೆ ಹಿಡಿದ ಕೈಗೆ ಹಳದಿ ಅಂಗಿಯ ತೋಳಿತ್ತು. ಆ ಅಂಗಿ ತೆಗೆದುಕೊಟ್ಟವಳು ಕೊಟ್ರಬಸಮ್ಮನೇ, ತನ್ನ ಕೊನೆಯ ಮಗ ಹುಲುಗೇಶನಿಗೆ, ಹಬ್ಬಕ್ಕೆ. ಜಾಮೀನಿನ ಮೇಲೆ ಬಂದು ಮತ್ತೆ ಟಂಟಂ ಆಟೋ ಓಡಿಸುತ್ತಿದ್ದಾನೆ, ರೊಟ್ಟಿ ಬಡಿದು ಹಾಕುತ್ತಾಳೆ, ತಿನ್ನುತ್ತಾನೆ, ತಿನ್ನುವ ಆ ಬೆರಳುಗಳನ್ನು ನೋಡಬಾರದು ಎಂದುಕೊಂಡು ಅವನ್ನೇ ನೋಡುತ್ತಾಳೆ, ಕೂಸಿನ ಉಳಿಸಾಕ ಹೋಗಿದ್ವಿ ಯಮ್ಮ, ಯಾರಿಗೆ ಗೊತ್ತಿತ್ತು ಅಂವನೇ ಅಪ್ಪ ಅಂತ, ಹೌದಪ್ಪ ಹೌದು, ಯಾರಿಗೂ ಗೊತ್ತಿರಲಿಲ್ಲ, ಕೇಳಿದವರು ಯಾರು. ಪುಲ್ಮನಿಯ ತಾಯಿಗೆ ಇವಳು ಯಾರ ತಾಯಿ ಎಂದು ತಿಳಿಯದು, ಹೋಗಲು ಬೇರೆ ಜಾಗವಿಲ್ಲದೆ ಗಂಡ ಸತ್ತ ಕಣಕ್ಕೇ ಮತ್ತೆ ಬಂದು, ಬೆಳಿಗ್ಗೆ ಮಗಳನ್ನು ಇವಳ ಮಡಿಲಿಗೆ ಹಾಕಿ, ಕೈ ಮುಗಿದು ತೊಟ್ಟು ಬಿಡಿಸಲು ಹೋಗುತ್ತಾಳೆ, ಆ ಮುಗಿದ ಕೈ ಕಪಾಳಕ್ಕೆ ಬಿದ್ದಂತೆ ಆಗುತ್ತದೆ. ಒಮ್ಮೆ ಈ ಕೂಸು ಬಾಯಿಬಿಟ್ಟು ಅಳಲಿ, ಅವಳಿಗೆ ಬೇರೇನೂ ಬೇಡ, ದೇವರಲ್ಲಿ ಕೇಳುವುದೂ ಅದೊಂದನ್ನೇ — ಟಂಟಂ ಸದ್ದು, ಇಲ್ಲಿಗೆ ಬರಬೇಡ ಎಂದು ಸಾರಿ ಸಾರಿ ಹೇಳಿದ್ದಳಲ್ಲ, ಹುಲುಗೇಶ ಇಳಿದೇ ಬಿಟ್ಟ, ಕೈಯಲ್ಲಿ ಬುತ್ತಿ ಡಬ್ಬಿ, ಮೈಮೇಲೆ ಅದೇ ಬಣ್ಣದ ಇನ್ನೊಂದು ಅಂಗಿ, ಬುತ್ತಿ ಮರ್ತು ಬಂದೀಯಲ್ಲಮ್ಮ ಎನ್ನುತ್ತಾ ಬಾಗಿಲಲ್ಲಿ ನಿಂತ, ಪುಲ್ಮನಿ ಶೆಡ್ಡಿನ ಮೂಲೆಯ ಅಕ್ಕಿ ಚೀಲಗಳ ಹಿಂದೆ ಸರಿದಳು, ಅಂಗೈ ಬಾಯಿಗೆ ಹೋಯಿತು, ಕಾಲ ನಡುವಿಂದ ನೀರು ಇಳಿದು ನೆಲ ಒದ್ದೆಯಾಯಿತು. ಅವನು ನೋಡಿದ, ನಕ್ಕ, ಇದು ಅದೇ ಕೂಸಲ್ಲೇನಮ್ಮ, ನಾವು ಉಳಿಸಿದ್ದು? ಚೆನ್ನಾಗಿ ಬೆಳದೈತಲ್ಲ.

ಮೆಣಸಿನಕಾಯಿ ಹರವುವ ಕೋಲು ಬಾಗಿಲಿಗೆ ಒರಗಿತ್ತು, ಅದು ಕೈಗೆ ಹೇಗೆ ಬಂತೋ, ಮೊದಲ ಏಟು ಕಿವಿಯ ಮೇಲೆ ಬಿತ್ತು, ಡಬ್ಬಿ ಹಾರಿ ರೊಟ್ಟಿ ಮಣ್ಣಿಗೆ ಬಿತ್ತು, ಯಮ್ಮಾ ಹುಚ್ಚು ಹಿಡದೈತೇನು, ಎರಡನೆಯದಕ್ಕೆ ಮೊಣಕಾಲು ಮಡಚಿ ಬಿದ್ದ, ಬಿದ್ದವನ ಎದೆಯ ಮೇಲೆ ಮಂಡಿಯೂರಿ ಕೂತುಬಿಟ್ಟಳು, ಹೆತ್ತ ಹೊಟ್ಟೆಯ ಭಾರವನ್ನೆಲ್ಲ ಹಾಕಿ, ಹುಬ್ಬು ಒಡೆಯಿತು, ಮೂಗು ಒಡೆಯಿತು, ಹಳದಿ ಅಂಗಿ ಮತ್ತೆ ಕೆಂಪಾಯಿತು, ಒಗೆಯುವುದಿಲ್ಲ, ಇದನ್ನು ಒಗೆಯುವುದಿಲ್ಲ, ನೀರು ಕೇಳಿದ್ನಲ್ಲಲೇ! ನೀರು ಕೇಳಿದ್ನಲ್ಲ! ಪಾನಿ ಅಂದ್ನಲ್ಲಲೇ! — ಈ ಅರಚಾಟ ಯಾರದು, ತನ್ನದೇ, ವರ್ಷವಿಡೀ ಎಲ್ಲಿತ್ತು ಇದು, ಕಣದ ಹೆಂಗಸರು ಎದ್ದರು, ಹಮಾಲರು ಚೀಲ ಎಸೆದು ಓಡಿ ಬರುತ್ತಿದ್ದಾರೆ, ಓಡುವ ಕಾಲುಗಳ ಸದ್ದು, ಗುಂಪಿನ ಸದ್ದು, ಕೋಲು ಮತ್ತೆ ಮೇಲೆದ್ದಿತು, ಆಗ ಚೀಲಗಳ ಹಿಂದಿನಿಂದ ಕೂಸು ಓಡಿ ಬಂತು, ಹೊರಗೆ ಓಡಲಿಲ್ಲ, ಅವಳ ಕಡೆಗೇ ಓಡಿ ಬಂತು, ಒಂದು ಕೈಯಿಂದ ಕೊರಳನ್ನು ತಬ್ಬಿ, ಇನ್ನೊಂದು ಅಂಗೈಯನ್ನು ಕೊಟ್ರಬಸಮ್ಮನ ಬಾಯಿಗೆ ಒತ್ತಿ ಹಿಡಿಯಿತು. ಒದರಬೇಡ, ಅಜ್ಜಿ, ಒದರಿದರೆ ಅವರು ಬರುತ್ತಾರೆ, ಬಂದರೆ ಕೊಲ್ಲುತ್ತಾರೆ — ಬಾಯಿ ಹೇಳಲಿಲ್ಲ, ಕಣ್ಣು ಹೇಳಿತು. ಕೋಲು ಗಾಳಿಯಲ್ಲೇ ನಿಂತಿತು. ಸುತ್ತ ಜನ ಬಂದು ನಿಂತರು, ಕಾಲುಗಳು ಹೆಚ್ಚಾದಷ್ಟೂ ಅಂಗೈ ಇನ್ನಷ್ಟು ಬಿಗಿಯಿತು, ಅಳು ಬಂತು, ಅವಳಿಗೇ ಬಂತು, ಎದೆ ಒಡೆದು ಬಂತು, ಹೊರಗೆ ಹೋಗಲು ದಾರಿಯಿರಲಿಲ್ಲ, ತುಟಿ ಉರಿಯುತ್ತಿತ್ತು, ಮೆಣಸಿನಕಾಯಿಯ ಅಂಗೈ, ಪುಟ್ಟ ಅಂಗೈ, ಬಾಯಿ ಮೇಲೆ, ಅವಳ ಬಾಯಿ ಮೇಲೆ, ಆ ಅಂಗೈ.